ಹದಿನೇಳನೇ ಸೀಟಿನ ದೂರು

ಇದು ನಮ್ಮ ದೊಡ್ಡಪ್ಪನ ಮಗ ಕೆಂಪರಾಜನಿಗೆ ಆದದ್ದು, ಹೋದ ಕಾರ್ತಿಕದಲ್ಲಿ. ಆ ಬಾವಿ ಅಲ್ಲೇ ಇದೆ. ಕೆಂಪರಾಜನೂ ಇದ್ದಾನೆ. ಅನುಮಾನ ಇರುವವರು ಹೋಗಿ ಅವನ ಬಲಗೈ ನೋಡಿಕೊಂಡು ಬರಲಿ, ಆಮೇಲೆ ಮಾತಾಡೋಣ.

ಗಾಡಿ ಆರು ಗಂಟೆ ತಡ. ದೊಡ್ಡಬಳ್ಳಾಪುರ ಸ್ಟೇಷನ್ನಿನಲ್ಲಿ ಅವನು ಇಳಿದಾಗ ರಾತ್ರಿ ಒಂದು ದಾಟಿತ್ತು. ಇಳಿದವನು ಅವನೊಬ್ಬನೇ. ಆಟೋ ಇಲ್ಲ. ತಮ್ಮ ಮಂಜೇಶನಿಗೆ ಒಂದು ಫೋನ್ ಮಾಡಿದ್ದರೆ ಬೈಕ್ ತರುತ್ತಿದ್ದ. ಮಾಡಲಿಲ್ಲ. ಅವತ್ತು ಅವನಿಗೆ ಯಾರ ಜೊತೆಗೂ ಮಾತು ಬೇಕಿರಲಿಲ್ಲ. ಊರು ಎರಡೂವರೆ ಕಿಲೋಮೀಟರ್. ಸ್ಯಾಂಪಲ್ ಸೀರೆಯ ಬ್ಯಾಗು ಹೆಗಲಿಗೆ ಹಾಕಿ ನಡೆದ.

ಹಳಿ ದಾಟಿದರೆ ಸ್ವಲ್ಪ ದೂರ ಮಗ್ಗದ ಶೆಡ್ಡುಗಳು. ಟಕಟಕ ಟಕಟಕ ಟಕಟಕ... ಹುಟ್ಟಿದಾಗಿನಿಂದ ಕೇಳಿದ ಸದ್ದು. ಆ ಸದ್ದು ಇರುವ ತನಕ ಧೈರ್ಯ. ಶೆಡ್ಡುಗಳು ಮುಗಿಯುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಮಗ್ಗಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚಿದವು.

ಆಗ ಕೇಳಿಸಿತು... ಹಿಂದಿನಿಂದ.

ಗೊರ ಗೊರ ಗೊರ... ಠಿಣ್.

ತಾಮ್ರದ ಸಣ್ಣ ಚೊಂಬೊಂದು ಟಾರು ರಸ್ತೆ ಮೇಲೆ ಉರುಳಿ, ಕಲ್ಲಿಗೆ ತಗುಲಿ ನಿಂತ ಹಾಗೆ. ಅವನು ನಿಂತ. ಸದ್ದೂ ನಿಂತಿತು. ಎರಡು ಹೆಜ್ಜೆ ಇಟ್ಟ. ಗೊರ ಗೊರ ಗೊರ... ಠಿಣ್.

ಕೆಂಪರಾಜ ತಿರುಗಿ ನೋಡಲಿಲ್ಲ. ಆ ಚೊಂಬು ಯಾರದ್ದು ಅಂತ ಅವನಿಗೆ ಗೊತ್ತಿತ್ತು.

ಅದು ಗೊತ್ತಾಗಬೇಕಾದರೆ ಒಂದು ದಿನ ಹಿಂದಕ್ಕೆ ಹೋಗಬೇಕು.

ಕೆಂಪರಾಜ ಸೀರೆ ವ್ಯಾಪಾರಿ. ನಮ್ಮ ಕಡೆ ಮಗ್ಗದ ಸೀರೆ ಎತ್ತಿ ಉತ್ತರದ ಅಂಗಡಿಗಳಿಗೆ ಕೊಡುತ್ತಾನೆ. ಬುದ್ಧಿವಂತ. ಆ ಬುದ್ಧಿಗೆ ಒಂದು ಮಾದರಿ ಹೇಳುತ್ತೇನೆ. ನೂಲು ಕಳಪೆ ಬಂದರೆ ಅವನು ತನ್ನ ಹೆಸರಲ್ಲಿ ಯಾವತ್ತೂ ದೂರು ಹೇಳಿದವನಲ್ಲ. "ನಾನು ಗೋಪಾಲಪ್ಪ ಮಾತಾಡ್ತಿರೋದು" ಅಂತ ಪಕ್ಕದ ಅಂಗಡಿಯವನ ಹೆಸರು ಹೇಳಿ ನೂಲಿನವನಿಗೆ ಫೋನಲ್ಲಿ ಉಗಿಯುತ್ತಿದ್ದ. ನೂಲಿನವನು ಗೋಪಾಲಪ್ಪನ ಮೇಲೆ ಹಲ್ಲು ಕಡಿಯುತ್ತಿದ್ದ. ಮುಂದಿನ ಲೋಡು ಮಾತ್ರ ಎಲ್ಲರಿಗೂ ಚೆನ್ನಾಗಿ ಬರುತ್ತಿತ್ತು. "ಮಾಲು ನಂಗೆ, ಜಗಳ ಅವನಿಗೆ" ಅಂತ ಕೆಂಪರಾಜ ನಗುತ್ತಿದ್ದ. ನಾವೂ ನಕ್ಕಿದ್ದೇವೆ. ಸುಳ್ಳು ಯಾಕೆ ಹೇಳಲಿ.

ದಿಲ್ಲಿ ಕಡೆಯಿಂದ ವಾಪಸ್ಸು ಬರುವ ಗಾಡಿ. ಎರಡು ರಾತ್ರಿಯ ದಾರಿ. ಏಸಿ ಡಬ್ಬಿ ಅಂತ ಹೆಸರು, ಏಸಿ ಅರ್ಧ ದಾರಿಗೇ ಕೈಕೊಟ್ಟಿತ್ತು. ಕಕ್ಕಸಿನಲ್ಲಿ ನೀರಿಲ್ಲ. ಹೊದೆಯಲು ಕೊಟ್ಟ ಕಂಬಳಿಯಲ್ಲಿ ಯಾರದೋ ವಾಂತಿಯ ವಾಸನೆ. ಟಿಟಿ ಮುಖ ಕಂಡದ್ದು ಒಂದೇ ಸಲ. ಕೇಳಿದ್ದಕ್ಕೆ "ನೋಡೋಣ" ಅಂದವನು ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಇನ್ನು ಊಟ ತರುವವರು ಮೂವರು. ಅದರಲ್ಲಿ ಒಬ್ಬನಿಗೆ ಹುಬ್ಬಿನ ಮೇಲೆ ಹೊಲಿಗೆ ಹಾಕಿದ ಗಾಯದ ಗುರುತು. ಅವನೇ ಮಿಕ್ಕವರಿಗೆ ಯಜಮಾನ. ಎರಡನೇ ರಾತ್ರಿ ಕೆಂಪರಾಜನಿಗೆ ಕೊಟ್ಟ ಅನ್ನ ಹಳಸಿತ್ತು, ಬೇಳೆಯಲ್ಲಿ ಜಿರಲೆಯ ಕಾಲು. ತೋರಿಸಿದ. ಹುಬ್ಬು ಗಾಯದವನು ಬಗ್ಗಿ ನೋಡಿ, ಬೆರಳಲ್ಲಿ ಆ ಕಾಲು ಎತ್ತಿ ಕೆಂಪರಾಜನ ಅಂಗಿಗೆ ಒರೆಸಿ, "ಈಗ ತಿನ್ನು" ಅಂದು ಹೋದ.

ಡಬ್ಬಿಯವರೆಲ್ಲ ನೋಡಿದರು. ಯಾರೂ ಕಮಕ್ ಕಿಮಕ್ ಅನ್ನಲಿಲ್ಲ.

ಕೆಳಗಿನ ಸೀಟು, ಹದಿನೇಳು, ದೊಡ್ಡಮುನಿಯಪ್ಪ ಅನ್ನೋ ಮುದುಕನದು. ನಮ್ಮ ಕಡೆಯ ಕುಂದಾಣ ಅನ್ನೋ ಊರಿನವನೇ. ಹೆಂಡತಿ ಸೊಣ್ಣಮ್ಮನ ಅಸ್ಥಿ ಬಿಡಲು ಊರಿನವರ ಜೊತೆ ಕಾಶಿಗೆ ಹೋದವನು, ಅಲ್ಲಿ ಜ್ವರ ಬಂದು ಮಲಗಿ, ಹಿಂದೆ ಉಳಿದು, ದಾರಿಯಲ್ಲಿ ಗಾಡಿ ಬದಲಿಸಿ ಒಬ್ಬನೇ ಬರುತ್ತಿದ್ದ. ಎರಡೂ ಕೈಯಲ್ಲಿ ಅವುಚಿ ಹಿಡಿದ ಒಂದು ಸಣ್ಣ ತಾಮ್ರದ ಚೊಂಬು. ಬಾಯಿಗೆ ಅರಗಿನ ಮುದ್ರೆ. ಒಳಗೆ ಗಂಗೆ.

"ಕೆಳಗಿಡಿ ತಾತ, ಕೈ ನೋಯಲ್ವಾ?" ಅಂತ ಕೆಂಪರಾಜ ಕೇಳಿದ್ದ.

"ಇಡಂಗಿಲ್ಲ ಕಣಪ್ಪ. ನಮ್ಮನೇಲಿ ಕಾಶಿಯಿಂದ ಬಂದೋರು ಸೀದಾ ಹೊಸಿಲು ತುಳಿಯಂಗಿಲ್ಲ. ಬಾವಿ ತಾವ ನಿಂತ್ಕೋಬೇಕು. ಮಗಳು ಬಂದು ಕಾಲಿಗೆ ಬಿಸಿನೀರು ಹಾಕಿ ಒಳಕ್ಕೆ ಕರೀಬೇಕು. ಅಲ್ಲೀಗಂಟ ಗಂಗೆ ನೆಲ ಮುಟ್ಟಂಗಿಲ್ಲ."

ಮುದುಕ ಆ ಗಾಡಿಯ ಅನ್ನವನ್ನು ಮೂಸಿಯೂ ನೋಡಿರಲಿಲ್ಲ. ಗಂಟಿನಲ್ಲಿ ಪುರಿ, ಹುರಿಗಡಲೆ ಇತ್ತು. ಕೆಂಪರಾಜನ ಊಟ ಹಾಳಾದದ್ದು ನೋಡಿ ಅದರಲ್ಲೇ ಅರ್ಧ ಅವನಿಗೆ ಸುರಿದ. ಕೆಂಪರಾಜ ತಿಂದ. ತಿನ್ನುತ್ತಾ ತಿನ್ನುತ್ತಾ ಅವನ ತಲೆ ಕೆಲಸ ಮಾಡಿತು. ಅಂಗಿಗೆ ಜಿರಲೆ ಕಾಲು ಒರೆಸಿದ್ದು ಒಳಗೆ ಕುದಿಯುತ್ತಿತ್ತಲ್ಲ.

"ತಾತ, ನನ್ನ ಫೋನಲ್ಲಿ ಚಾರ್ಜಿಲ್ಲ. ನಿಮ್ಮದು ಕೊಡಿ. ನಿಮ್ಮ ಟಿಕೆಟ್ಟೂ ಕೊಡಿ, ಒಂದು ನಿಮಿಷ."

ಮುದುಕನದು ಗುಂಡಿ ಒತ್ತುವ ಹಳೇ ಫೋನು. ದೂರಿನ ನಂಬರಿಗೆ ಕರೆ ಹೋಯಿತು. ಹೆಸರು? ದೊಡ್ಡಮುನಿಯಪ್ಪ. ಸೀಟು? ಹದಿನೇಳು. ಟಿಕೆಟ್ ನಂಬರು ಓದಿ ಹೇಳಿದ. ಆಮೇಲೆ ತನಗೆ ಬರುವ ಹಿಂದಿಯಲ್ಲೆಲ್ಲ ಉಗಿದ. ಊಟ ಕೊಡೋ ಮೂವರನ್ನೂ ಕೆಲಸದಿಂದ ಕಿತ್ತು ಹಾಕದಿದ್ದರೆ ಬಿಡುವುದಿಲ್ಲ ಅಂದ. ಮುಗಿಸಿ, ಫೋನನ್ನು ಅಭ್ಯಾಸಬಲದಲ್ಲಿ ತನ್ನ ಜೇಬಿಗೇ ಹಾಕಿಕೊಂಡ.

ಮುದುಕನಿಗೆ ಹಿಂದಿ ಬಾರದು. ಆದರೂ ಮುಖ ಅರಳಿತ್ತು. "ನನ್ನ ಹೆಸರು ಹೇಳ್ದಂಗಿತ್ತು?"

"ನಿಮಗೆ ಒಳ್ಳೆ ಊಟ ಕಳಿಸಿ ಅಂದೆ ತಾತ. ಮಲಕ್ಕೊಳ್ಳಿ."

ಕೆಂಪರಾಜ ಮೇಲಿನ ಸೀಟು ಹತ್ತೊಂಬತ್ತಕ್ಕೆ ಹತ್ತಿ ಕಂಬಳಿ ಎಳೆದುಕೊಂಡ. ದೂರು ಆಯಿತು, ತನ್ನ ಹೆಸರಿಲ್ಲ. ನಿದ್ದೆ ಬಂತು.

ಮಹಾರಾಷ್ಟ್ರದ ಭೂಸಾವಳ ಸ್ಟೇಷನ್ ದಾಟಿದ ಮೇಲೆ ಎಚ್ಚರವಾಯಿತು. ದೀಪ ಆರಿತ್ತು. ಕೆಳಗೆ ಮೂರು ನೆರಳು. ಒಂದು ಫೋನಿನ ಬೆಳಕು ಸೀಟಿನ ನಂಬರು ಹುಡುಕುತ್ತಿತ್ತು.

"ಸತ್ರಾ ನಂಬರ್ ಕೌನ್?" ಹುಬ್ಬು ಗಾಯದವನ ದನಿ. ಹದಿನೇಳು ಯಾರು ಅಂತ.

ಮುದುಕ ಎದ್ದು ಕೂತ. ಊಟ ತಂದಿದ್ದಾರೆ ಅಂದುಕೊಂಡ. "ಈ ಹೊತ್ನಾಗೆ ಅನ್ನ ಬ್ಯಾಡ ಕಣಪ್ಪ. ನನ್ ತಾವ ಪುರಿ ಐತೆ."

ಕತ್ತಿನ ಪಟ್ಟಿಗೆ ಕೈ ಬಿತ್ತು. ಎಳೆದರು. ಮುದುಕ ತಲೆ ಮೇಲೆತ್ತಿ ಕತ್ತಲಿಗೆ ಹೇಳಿದ...

"ಕೆಂಪರಾಜಪ್ಪ... ಇವ್ರು ಏನೋ ಕೇಳ್ತಾವ್ರೆ. ಒಸಿ ಹೇಳು."

ಕೆಂಪರಾಜನಿಗೆ ಕೇಳಿಸಿತು. ಒಂದು ಮಾತು ಸಾಕಿತ್ತು. ಹೇಳಲಿಲ್ಲ. ಕಂಬಳಿ ತಲೆ ಮೇಲೆ ಎಳೆದುಕೊಂಡ.

ಡಬ್ಬಿಯ ಕೊನೆಗೆ, ಕೈ ತೊಳೆಯುವ ಜಾಗಕ್ಕೆ ಮುದುಕನನ್ನು ಎಳೆದೊಯ್ದರು. ಅಲ್ಲಿಂದ ಬಂದದ್ದೆಲ್ಲ ಬರೀ ಸದ್ದು. ಒಂದೂ ಬಿಡದೆ ಕೆಂಪರಾಜ ಕೇಳಿದ.

ಚಟೀರ್. ಕಪಾಳಕ್ಕೆ.

ಠಣಾರ್. ಸ್ಟೀಲ್ ತಟ್ಟೆ ತಲೆಗೆ.

ಧಬ್... ಧಬ್... ಧಬ್. ಬೂಟು ಪಕ್ಕೆಲುಬಿಗೆ. ಮುದುಕ ಅಡ್ಡ ಕೈ ಕೊಡಲಿಲ್ಲ. ಎರಡು ಕೈಯಲ್ಲೂ ಚೊಂಬು ಇತ್ತಲ್ಲ.

"ಛೋಡ್!" ಬಿಡು ಅಂದರು. ಮುದುಕ ಬಿಡಲಿಲ್ಲ.

ಲಟಕ್. ಲಟಕ್. ಲಟಕ್. ಮೂರು ಬೆರಳು, ಒಂದೊಂದಾಗಿ. ಮೊದಲೆರಡು ಬೆರಳಿಗೆ ಮುದುಕ "ಅವ್ವಾ" ಅಂದ. ಮೂರನೆಯದಕ್ಕೆ ದನಿ ಬರಲಿಲ್ಲ.

ಠಿಣ್. ಚೊಂಬು ಬಿತ್ತು.

ಖಡಕ್. ಬಾಗಿಲಿನ ಚಿಲಕ.

ಭೋರೋ ಅಂತ ಗಾಳಿ, ಚಕ್ರದ ಆರ್ಭಟ ಒಳಕ್ಕೆ ನುಗ್ಗಿತು. ಮೂರು ಉಸಿರಿನಷ್ಟು ಹೊತ್ತು. ಆಮೇಲೆ ಧಡಾರ್... ಬಾಗಿಲು ಮುಚ್ಚಿತು.

ಬೆಳಗಾಗುವ ತನಕ ಗಾಡಿ ಓಲಾಡಿದ ಹಾಗೆಲ್ಲ ಚೊಂಬು ಆ ಗೋಡೆಯಿಂದ ಈ ಗೋಡೆಗೆ ಉರುಳುತ್ತಲೇ ಇತ್ತು. ಗೊರ ಗೊರ ಗೊರ... ಠಿಣ್. ಮೂವತ್ತು ನಲವತ್ತು ಜನ ಇದ್ದ ಡಬ್ಬಿ. ಒಬ್ಬರೂ ಎದ್ದು ಅದನ್ನು ನೆಟ್ಟಗೆ ಇಡಲಿಲ್ಲ. ಬೆಳಿಗ್ಗೆ ಕಸ ಗುಡಿಸುವವನು ಚೀಲಕ್ಕೆ ಹಾಕಿಕೊಂಡು ಹೋದ.

ಹದಿನೇಳನೇ ಸೀಟಿನ ಹಾಸಿಗೆ ಮಡಿಚಿ ಇಟ್ಟಿತ್ತು. ಹುಬ್ಬು ಗಾಯದವನು ಬಂದ. ಕೈ ತೊಳೆದಿದ್ದ, ಉಗುರಿನ ಸಂದಿಯಲ್ಲಿ ಮಾತ್ರ ಕೆಂಪು ಉಳಿದಿತ್ತು. ಕೆಂಪರಾಜನಿಗೆ ಕೇಳದೆಯೇ ಬಿಸಿ ಟೀ ಕೊಟ್ಟ. ಹೊಸ ಕಂಬಳಿ ಕೊಟ್ಟ. ಆಮೇಲೆ ಒಂದು ಹಾಳೆ. ಪ್ರಯಾಣಿಕರ ಅಭಿಪ್ರಾಯ. ಊಟ ಹೇಗಿತ್ತು, ಸಿಬ್ಬಂದಿ ಹೇಗಿದ್ದರು.

"ಮುದುಕ ರಾತ್ರಿನೇ ಇಳಿದು ಹೋದ. ನೋಡಿದೆ ತಾನೆ?" ಅಂತ ಹಿಂದಿಯಲ್ಲಿ ಕೇಳಿದ.

"ನೋಡಿದೆ" ಅಂದ ಕೆಂಪರಾಜ. ಎಲ್ಲದಕ್ಕೂ "ಬಹಳ ಉತ್ತಮ" ಅನ್ನೋ ಕಡೆ ಗುರುತು ಹಾಕಿ, ಕೆಳಗೆ ಸಹಿ ಮಾಡಿದ. ಟೀ ಚೆನ್ನಾಗಿತ್ತು. ಆ ಗಾಡಿಯಲ್ಲಿ ಅವನಿಗೆ ಸಿಕ್ಕ ಒಳ್ಳೇ ವಸ್ತು ಅದೊಂದೇ.

ಆಮೇಲೆ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮುದುಕನ ಫೋನು. ಪರದೆಯ ಮೇಲೆ ಯಾರೋ ಹಾಕಿಕೊಟ್ಟಿದ್ದ ಹೆಸರು... ಮಗಳು ಮಮತ. ಕೆಂಪರಾಜ ಅದನ್ನು ಆರಿಸಿಟ್ಟ.

ಇಷ್ಟೇ ಹಿಂದಿನದು. ಈಗ ಮತ್ತೆ ನಮ್ಮೂರಿನ ರಸ್ತೆಗೆ ಬನ್ನಿ.

ಕರೆಂಟಿಲ್ಲ. ಹಿಂದೆ ಚೊಂಬು ಉರುಳುತ್ತಿದೆ. ಕೆಂಪರಾಜ ಓಡಲಿಲ್ಲ. ಓಡಿದರೆ ಅದೂ ಓಡುತ್ತದೆ ಅನ್ನುವಷ್ಟು ಬುದ್ಧಿ ಅವನಿಗಿತ್ತು. ಊರಿಗೆ ಅರ್ಧ ಕಿಲೋಮೀಟರ್ ಈಚೆ ಆಲದಮರ. ಅದರ ಬುಡಕ್ಕೆ ಹಳೇ ಬಾವಿ. ನೀರು ಬತ್ತಿ ಇಪ್ಪತ್ತು ವರ್ಷ, ಈಗ ಬಾಟಲಿ, ಚಪ್ಪಲಿ ಎಸೆಯೋ ಗುಂಡಿ.

ಬಾವಿಯ ಹತ್ತಿರ ಬರುತ್ತಿದ್ದ ಹಾಗೆ ಚೊಂಬಿನ ಸದ್ದು ನಿಂತಿತು.

ಟಿರಿಟಿರಿ... ಟಿರಿಟಿರಿ...

ಜೇಬಿನೊಳಗೆ. ಆರಿಸಿಟ್ಟ ಫೋನು. ಬ್ಯಾಗಿನ ಪಟ್ಟಿ ಒತ್ತಿ ತಾನೇ ಹತ್ತಿಕೊಂಡಿರಬೇಕು ಅಂದುಕೊಂಡ. ನಿಲ್ಲಿಸಲು ಹೋಗಿ ಹೆಬ್ಬೆರಳು ಬೇರೆ ಗುಂಡಿ ಒತ್ತಿತು.

"ಅಪ್ಪಾ?" ಹೆಂಗಸಿನ ದನಿ, ಪಿಸುಮಾತು. "ಎಲ್ಲಿದೀಯಪ್ಪ? ಬೆಳಿಗ್ಗೆಯಿಂದ ಮಾಡ್ತಾನೇ ಇದೀನಿ. ನಮ್ಮನೆ ಬಾವಿ ತಾವ ನಿಂತಿದೀವಿ. ಬಿಸಿನೀರು ಎರಡು ಸಲ ಆರೋಯ್ತು..."

ಕೆಂಪರಾಜ ಫೋನನ್ನು ಮುಖದಿಂದ ದೂರ ಹಿಡಿದ.

"ಅಪ್ಪಾ... ಉಸಿರಾಡೋದು ಕೇಳಿಸ್ತೈತೆ. ಮಾತಾಡಪ್ಪ."

ಕರೆ ಕತ್ತರಿಸಿದ. ಇದು ಕೈಯಲ್ಲಿರುವ ತನಕ ತಾನು ಸಿಕ್ಕಿಬೀಳುವುದು ಖಂಡಿತ. ಫೋನಿನ ಹಿಂಭಾಗ ಬಿಚ್ಚಿದ, ಬ್ಯಾಟರಿ ಕಿತ್ತ. ಫೋನನ್ನು ಬಾವಿಗೆ ಎಸೆದ. ಬ್ಯಾಟರಿ ಮಾತ್ರ ಅಂಗಿ ಜೇಬಿಗೆ ಇಳಿಸಿದ. ಯಾಕೆ ಅಂತ ಕೇಳಬೇಡಿ. ಕೆಲಸಕ್ಕೆ ಬರೋ ವಸ್ತುವನ್ನು ಎಸೆಯೋ ಕೈಯಲ್ಲ ಅವನದು.

ಠಪ್. ತಳದಲ್ಲಿ ಬಿತ್ತು.

ಒಂದು ಕ್ಷಣ ಏನೂ ಇಲ್ಲ. ಆಮೇಲೆ...

ಟಿರಿಟಿರಿ... ಟಿರಿಟಿರಿ...

ಬಾವಿಯ ಒಳಗಿನಿಂದ. ಕಲ್ಲಿನ ಗೋಡೆಗೆಲ್ಲ ನೀಲಿ ಬೆಳಕು. ಮೂರನೇ ಸಲಕ್ಕೆ ರಿಂಗು ನಿಂತಿತು, ಯಾರೋ ಎತ್ತಿಕೊಂಡ ಹಾಗೆ. ಕೆಳಗಿನಿಂದ ಒಂದು ದನಿ, ಬೇಜಾರಿಲ್ಲದ, ಸಹಜವಾದ ದನಿ...

"ಕೆಂಪರಾಜಪ್ಪ... ಇವ್ರು ಏನೋ ಕೇಳ್ತಾವ್ರೆ. ಒಸಿ ಹೇಳು."

ಕೆಂಪರಾಜ ಹಿಂದಕ್ಕೆ ಹೆಜ್ಜೆ ಇಟ್ಟ.

ಚಟೀರ್.

ಕಪಾಳಕ್ಕೆ ಬಿದ್ದ ಏಟಿಗೆ ಒಂದು ಹಲ್ಲು ಹಾರಿ ಕೆನ್ನೆಯೊಳಗೆ ಚುಚ್ಚಿಕೊಂಡಿತು. ಹೊಡೆದವರು ಯಾರೂ ಇರಲಿಲ್ಲ. ಏಟು ಮಾತ್ರ ಇತ್ತು.

"ಒಸಿ ಹೇಳು."

"ತಾತಾ... ನಾನು ಹೊಡೀಲಿಲ್ಲ ತಾತಾ! ಅವರು ಹೊಡೆದಿದ್ದು!"

ಠಣಾರ್. ನೆತ್ತಿ ಸೀಳಿತು. ರಕ್ತ ಕಣ್ಣಿಗೆ ಇಳಿದು ಬೆಳದಿಂಗಳೂ ಕಾಣದಾಯಿತು. ಮೊಣಕಾಲೂರಿ ಬಿದ್ದ. ಬಿದ್ದಾಗ ಅರ್ಥವಾಯಿತು. ಇದು ಅದೇ ಸಾಲು. ನಿನ್ನೆ ಕಂಬಳಿಯೊಳಗೆ ಕೇಳಿದ್ದು, ಅದೇ ಕ್ರಮದಲ್ಲಿ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಮುಂದಿನದು ಏನು ಅಂತ ಅವನಿಗೆ ಗೊತ್ತು. ಕೊನೆಯದು ಏನು ಅಂತಲೂ ಗೊತ್ತು.

ಆದರೂ ಚೌಕಾಸಿ ಬಿಡಲಿಲ್ಲ ನೋಡಿ.

"ನಿಮ್ಮ ಮಗಳಿಗೆ ಏನು ಬೇಕಾದ್ರೂ ಮಾಡ್ತೀನಿ! ಜೀವನ ಪೂರ್ತಿ ನೋಡ್ಕೋತೀನಿ! ಬಿಟ್ಬಿಡಿ ತಾತಾ!"

ಧಬ್. ಪಕ್ಕೆಲುಬು ಮುರಿದ ಸದ್ದು ಅವನ ಕಿವಿಗೇ ಕೇಳಿಸಿತು. ಧಬ್. ಉಸಿರೆಲ್ಲ ಹೊರಗೆ. ಧಬ್. ಬಾಯಲ್ಲಿ ರಕ್ತದ ನೊರೆ.

"ಒಸಿ ಹೇಳಪ್ಪ."

ಅವನ ಬಲಗೈ ತಾನಾಗಿ ಮೇಲೆದ್ದಿತು. ಸಹಿ ಹಾಕಿದ ಕೈ. ತೋರುಬೆರಳು ನಿಧಾನವಾಗಿ ಹಿಂದಕ್ಕೆ ಬಾಗಿತು... ಇನ್ನೂ ಬಾಗಿತು... ಲಟಕ್. ನಡುಬೆರಳು. ಲಟಕ್. ಉಂಗುರದ ಬೆರಳು. ಲಟಕ್. ಕೂಗಿದ. ಊರಿಗೆ ಅರ್ಧ ಕಿಲೋಮೀಟರ್. ಒಬ್ಬರೂ ಏಳಲಿಲ್ಲ.

ಠಿಣ್. ಎಲ್ಲೋ ಹತ್ತಿರದಲ್ಲೇ ಚೊಂಬು ಬಿತ್ತು.

ಖಡಕ್.

ಆ ಬಯಲಿನಲ್ಲಿ ಬಾಗಿಲಿಲ್ಲ. ಆದರೂ ಚಿಲಕ ತೆರೆಯಿತು. ಬಾವಿಯೊಳಗಿನಿಂದ ಭೋರೋ ಅಂತ ಗಾಳಿ ಮೇಲಕ್ಕೆ ಬಂತು, ಹಳಿಯ ಮೇಲಿನ ಚಕ್ರದ ಆರ್ಭಟದ ಜೊತೆ. ಕತ್ತಿನ ಪಟ್ಟಿ ಹಿಡಿದು ಎಳೆದ ಹಾಗೆ ಅವನು ನೆಲದ ಮೇಲೆ ಜಾರಿದ. ಹೊಟ್ಟೆ ಬಾವಿಯ ಕಟ್ಟೆಗೆ ಉಜ್ಜಿತು. ತಲೆ ಕೆಳಗಾಯಿತು. ಕಾಲು ನೆಲ ಬಿಟ್ಟಿತು. ಒಂದು ಉಸಿರು... ಎರಡು...

"ನಂದು! ದೂರು ನಂದು!" ಬಾವಿಯೊಳಕ್ಕೆ ಮುಖ ಮಾಡಿ ಕಿರುಚಿದ. "ಹದಿನೇಳಲ್ಲ! ಹತ್ತೊಂಬತ್ತು! ನಾನು ಕೆಂಪರಾಜ! ಕೊಟ್ಟಿದ್ದು ನಾನು!"

ಗಾಳಿ ನಿಲ್ಲಲಿಲ್ಲ. ಆದರೆ ಕೆಳಕ್ಕೂ ಬಿಡಲಿಲ್ಲ. ಹಾಗೇ ತೂಗು ಹಾಕಿತ್ತು. ಎಲ್ಲ ಹೇಳಲಿ ಅಂತ.

ಹೇಳಿದ. ಜಿರಲೆಯಿಂದ ಶುರು ಮಾಡಿ. ಮುದುಕನ ಫೋನು ತಗೊಂಡದ್ದು, ಮುದುಕನ ಹೆಸರು ಕೊಟ್ಟದ್ದು, ಒಳ್ಳೆ ಊಟ ಬರುತ್ತದೆ ಅಂತ ಸುಳ್ಳು ಹೇಳಿದ್ದು, ಮೂವರು ಬಂದದ್ದು, ಮುದುಕ ಕರೆದಾಗ ತಾನು ಕಂಬಳಿ ಎಳೆದುಕೊಂಡದ್ದು. ಹುಬ್ಬಿನ ಗಾಯ. ಭೂಸಾವಳ ದಾಟಿದ ಮೇಲೆ ಅಂತ. ಬಾಗಿಲು ಅಂತ. ಸಹಿ ಅಂತ. ತನ್ನ ಊರ ಹೆಸರು, ಈ ಬಾವಿಯ ಗುರುತು ಎಲ್ಲ. ಹೇಳಲು ಏನೂ ಉಳಿಯದಿದ್ದಾಗ ಬರೀ "ತಪ್ಪಾಯ್ತು" ಅಂತಿದ್ದ.

ಗಾಳಿ ನಿಂತಿತು. ಅವನು ಕಟ್ಟೆಯ ಈಚೆ ಕಡೆಗೆ, ಮಣ್ಣಿಗೆ ಬಿದ್ದ.

ಬಾವಿಯೊಳಗೆ ಟುಕ್ ಅಂತ ಸಣ್ಣ ಸದ್ದು. ನೀಲಿ ಬೆಳಕು ಆರಿತು. ಅದೇ ಹೊತ್ತಿಗೆ ಕರೆಂಟ್ ಬಂದು, ದೂರದಲ್ಲಿ ಮಗ್ಗಗಳು ಶುರುವಾದವು. ಟಕಟಕ ಟಕಟಕ...

ಅವನನ್ನು ಮೊದಲು ಕಂಡದ್ದು ತಮ್ಮ ಮಂಜೇಶ, ಬೆಳಗಿನ ಜಾವ ಡೈರಿಗೆ ಹಾಲು ಹಾಕಲು ಹೊರಟಾಗ. "ಯಾರಣ್ಣ? ಯಾರು ಹೊಡೆದಿದ್ದು?" ಅಂತ ಅವನು ಅಲ್ಲಾಡಿಸುತ್ತಿರುವಾಗಲೇ ಒಂದು ವ್ಯಾನು ಬಂದು ನಿಂತಿತು. ಕುಂದಾಣದಿಂದ. ಇಳಿದದ್ದು ಮಮತ, ಅವಳ ಗಂಡ ಮುರಳಿ. ಮಮತಳ ಕೈಯಲ್ಲಿ ಬಿಸಿನೀರಿನ ಬಿಂದಿಗೆ ಹಾಗೇ ಇತ್ತು.

ಮುರಳಿ ಬಂದವನೇ ಕೆಂಪರಾಜನ ಮೇಲೆ ಎರಗಿದ. ಮಂಜೇಶ ಅಡ್ಡ ನಿಂತ.

"ಬಿಡಿ" ಅಂದಳು ಮಮತ. "ಹೊಡಿಯಾಕೆ ಅವನಲ್ಲಿ ಜಾಗ ಎಲ್ಲಿ ಉಳಿದೈತೆ."

ಕೆಂಪರಾಜ ಒಡೆದ ಬಾಯಲ್ಲಿ ಏನೋ ಹೇಳಲು ಹೋದ.

"ಬ್ಯಾಡ. ಎಲ್ಲಾ ಕೇಳಿಸ್ಕೊಂಡೆ. ಹನ್ನೊಂದು ನಿಮಿಷ ಹೇಳ್ದಲ್ಲ." ತನ್ನ ಫೋನು ತೋರಿಸಿದಳು. ರಾತ್ರಿ ಒಂದೂ ಐವತ್ತು. ಅಪ್ಪ ಅನ್ನೋ ಹೆಸರಿಂದ ಬಂದ ಕರೆ. ಹನ್ನೊಂದು ನಿಮಿಷ.

ಆಮೇಲೆ ಅವಳು ಬಾವಿಯ ಕಟ್ಟೆಗೆ ಹೋಗಿ, ನೀರನ್ನು ಮೆಲ್ಲಗೆ, ಎರಡು ಕಾಲಿಗೆ ಹಾಕುವ ಹಾಗೆ ಎರಡು ಕಡೆ ಸುರಿದಳು. "ಬಾರಪ್ಪ ಮನೆಗೆ" ಅಂದಳು. ಅಷ್ಟೇ. ಅಳಲಿಲ್ಲ.

ಮುದುಕನ ಹೆಣ ಕೆಂಪರಾಜ ಹೇಳಿದ ಕಡೆಯೇ ಹಳಿಯ ಪಕ್ಕ ಸಿಕ್ಕಿತು. ಬಲಗೈಯ ಮೂರು ಬೆರಳು ಮುರಿದಿದ್ದವು. ಆ ಮೂವರನ್ನೂ ಹಿಡಿದರು. ಕೆಂಪರಾಜ ಸಾಕ್ಷಿ ಹೇಳಿದ, ಸಹಿ ಮಾಡಲು ಕೈ ಬಾರದೆ ಎಡಗೈ ಹೆಬ್ಬೆಟ್ಟು ಒತ್ತಿದ. ಈಗಲೂ ಬರೆಯಲು ಬರುವುದಿಲ್ಲ. ನೂಲು ಕಳಪೆ ಬಂದರೆ ಮಾತ್ರ "ನಾನು ಕೆಂಪರಾಜ" ಅಂತಲೇ ಫೋನ್ ಮಾಡುತ್ತಾನೆ.

ಕುಡಿದು ಬಿದ್ದಿರಬೇಕು ಅನ್ನೋರಿದ್ದಾರೆ. ಯಾರೋ ದರೋಡೆಗೆ ಹೊಡೆದಿರಬೇಕು ಅನ್ನೋರೂ ಇದ್ದಾರೆ. ಅನ್ನಲಿ. ಪೊಲೀಸರ ಎದುರಿಗೇ ಮಂಜೇಶ ಹಗ್ಗ ಕಟ್ಟಿಕೊಂಡು ಬಾವಿಗೆ ಇಳಿದು ಫೋನು ತಂದ. ಹಿಂಭಾಗ ಬಿಚ್ಚಿತ್ತು, ಬ್ಯಾಟರಿಯ ಜಾಗ ಖಾಲಿ. ಆಸ್ಪತ್ರೆಯಲ್ಲಿ ಕೆಂಪರಾಜನ ರಕ್ತದ ಅಂಗಿ ಕತ್ತರಿಸಿ ತೆಗೆದ ನರ್ಸು ಆಶಾರಾಣಿ, ಜೇಬಿನಲ್ಲಿ ಇದ್ದದ್ದನ್ನೆಲ್ಲ ಒಂದು ಕವರಿಗೆ ಹಾಕಿ ಕೊಟ್ಟಳು. ಇಸಿದುಕೊಂಡವನು ನಾನು. ಆಗ ಮಧ್ಯಾಹ್ನ ಹನ್ನೆರಡು. ರೈಲು ಟಿಕೆಟ್ಟು, ಬಾಚಣಿಗೆ, ಅವನ ಕೆನ್ನೆಯಿಂದ ತೆಗೆದ ಹಲ್ಲು, ಆ ಬ್ಯಾಟರಿ.

ಬ್ಯಾಟರಿ ಎತ್ತಿ ಅಂಗೈಯಲ್ಲಿ ಇಟ್ಟುಕೊಂಡು ನೋಡಿದೆ. ಆಗಷ್ಟೇ ಮಾತು ಮುಗಿಸಿ ಇಟ್ಟ ಫೋನಿನ ಹಾಗೆ ಬೆಚ್ಚಗಿತ್ತು.